ಯುದ್ಧದ ಅಧ್ಯಾಯ, ರೋಗದ ಅಧ್ಯಾಯ: ಒಂದು ವಿಮರ್ಶೆ

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಇತಿಹಾಸವನ್ನು ಅಭ್ಯಸಿಸುವವರು ಮೊದಲು ತೆರೆಯುವ ಗ್ರಂಥಗಳಲ್ಲೊಂದು ಡಬ್ಲ್ಯೂ. ಫ್ರಾನ್ಸಿಸರ ಬಳ್ಳಾರಿ ಜಿಲ್ಲಾ ಗ್ಯಾಸೆಟಿಯರು (1904). ಅದರ ಶ್ರಮವನ್ನು ನಾವು ಗೌರವಿಸುತ್ತೇವೆ. ಅದರ ಅಧ್ಯಾಯವಿಭಾಗವನ್ನು ಮಾತ್ರ ಒಪ್ಪಲಾರೆವು. ಪಾಳೆಯಗಾರರ, ಹೈದರ್ ಟಿಪ್ಪುಗಳ, ಮರಾಠರ ಕದನಗಳು ರಾಜಕೀಯ ಇತಿಹಾಸದಲ್ಲಿ; ಬರಗಾಲ ಬೇರೊಂದು ಅಧ್ಯಾಯದಲ್ಲಿ; ರೋಗರುಜಿನಗಳು ಮತ್ತೊಂದರಲ್ಲಿ. ಹೀಗೆ ಹಂಚಿದೊಡನೆ ಯುದ್ಧವು ನಿರಪರಾಧಿಯಾಗುತ್ತದೆ. ಬರವೆಲ್ಲವೂ ಮಳೆಯ ತಪ್ಪಾಗುತ್ತದೆ.

ಧಾರವಾಡವನ್ನು ಗೆದ್ದ ಮರಾಠರ ದಂಡು ತುಂಗಭದ್ರೆಯನ್ನು ದಾಟಿದುದು 1791ರಲ್ಲಿ. ಡೋಗಿ ಬರವು ದಖ್ಖನವನ್ನು ಹಿಡಿದುದು 1791-92ರಲ್ಲಿ. ಮಳೆ ತಪ್ಪಿದುದು ನಿಜ. ಆದರೆ ಹಗೇವಿನ ಜೋಳವೂ ಬಣವೆಯ ಮೇವೂ ದಂಡಿನ ಪಾಲಾದ ಮೇಲೆ ಒಕ್ಕಲು ಬರವನ್ನು ಕಳೆಯುವುದಾದರೂ ಹೇಗೆ?

2023ರ ಅಕ್ಟೋಬರಿನಲ್ಲಿ ಮೊದಲಾದ ಗಾಜಾ ಯುದ್ಧವು ಈ ಸಂಬಂಧವನ್ನು ಎಲ್ಲರಿಗೂ ಕಾಣಿಸಿತು. 2024ರ ಆಗಸ್ಟಿನಲ್ಲಿ, 25 ವರ್ಷಗಳ ಮೇಲೆ, ಅಲ್ಲಿ ಪೋಲಿಯೋ ಮರಳಿತು. 2025ರ ಆಗಸ್ಟಿನಲ್ಲಿ ಗಾಜಾ ನಗರದ ಪ್ರಾಂತದಲ್ಲಿ ಕ್ಷಾಮವು ದೃಢಪಟ್ಟಿತು. ಗುಂಡಿಗೆ ಸತ್ತವರನ್ನಷ್ಟೇ ಯುದ್ಧದ ಲೆಕ್ಕಕ್ಕೆ ಹಿಡಿದರೆ, ಹಸಿವೆಗೂ ರೋಗಕ್ಕೂ ಸತ್ತವರು ಯಾರ ಲೆಕ್ಕಕ್ಕೆ ಸೇರಬೇಕು? ನಮ್ಮ ವಿದ್ಯಾರ್ಥಿಗಳು ಗ್ಯಾಸೆಟಿಯರಿನ ಆ ಮೂರು ಅಧ್ಯಾಯಗಳನ್ನು ಒಂದೇ ಅಧ್ಯಾಯವೆಂದು ಓದಬೇಕು.