ಇಪ್ಪತ್ತೆರಡು ವರ್ಷ, ಪರರ ಆಟ

ನಮ್ಮ ದೇಶದ ವಿಡಿಯೋ ಗೇಮ್ ಉದ್ಯಮದ ಮಾತು ಬಂದಾಗ ಮೊದಲು ಕೇಳಿಬರುವ ಹೆಸರು ಧ್ರುವ ಇಂಟರ್‌ಆ್ಯಕ್ಟಿವ್. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಇದನ್ನು ಕಟ್ಟಿದಾಗ ಗೇಮ್ ಮಾಡುವುದನ್ನು ಕಲಿಸುವವರು ಇಲ್ಲಿರಲಿಲ್ಲ, ಮಾಡಿದ್ದನ್ನು ಕೊಳ್ಳುವ ಪೇಟೆಯೂ ಇರಲಿಲ್ಲ. ಮನೆಗೆ ಕಂಪ್ಯೂಟರ್ ತಂದವರೇ ಬೆರಳೆಣಿಕೆಯಷ್ಟು. ಅವರೂ ಆಡುತ್ತಿದ್ದುದು ಹೆಚ್ಚಾಗಿ ನಕಲಿ ಸಿ.ಡಿ.ಗಳನ್ನು. ಅಂಥ ಬರಗಾಲದಲ್ಲಿ ಹುಟ್ಟಿದ ಸಂಸ್ಥೆ ಸುಮಾರು ಎರಡು ದಶಕ ಸ್ವತಂತ್ರವಾಗಿ ಉಳಿಯಿತು ಅಂದರೆ ಅದು ಸಣ್ಣ ಸಾಧನೆಯಲ್ಲ. ಅದನ್ನು ಒಪ್ಪಿಕೊಂಡೇ ಕೇಳುತ್ತೇನೆ: ಧ್ರುವದ ಆಟ ಯಾವುದು?

ಧ್ರುವ ದುಡಿದ ಆಟಗಳ ಪಟ್ಟಿ ದೊಡ್ಡದು. ಆರಂಭದಲ್ಲೇ ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿಗಾಗಿ ‘ಮಿಷನ್ ಇಂಪಾಸಿಬಲ್’ ಕೆಲಸ ಹಿಡಿಯಿತು. ಮುಂದೆ ‘ಫೋರ್ಜಾ’ ಸರಣಿ, ‘ಸೀ ಆಫ್ ಥೀವ್ಸ್’, ‘ಡೇಸ್ ಗಾನ್’. ಈ ಕೆಲಸ ಹೇಗಿರುತ್ತದೆ ಅಂದರೆ, ಪರದೇಶದ ಸ್ಟುಡಿಯೋದಿಂದ ಒಂದು ಕಾರಿನ ಫೋಟೋಗಳು, ಅಳತೆಗಳು ಬರುತ್ತವೆ. ಇಲ್ಲಿನ ಕಲಾವಿದ ಅದನ್ನು ಸಾವಿರಾರು ಸಣ್ಣ ತ್ರಿಕೋನಗಳಲ್ಲಿ ಜೋಡಿಸುತ್ತಾನೆ; ಬಾಗಿಲಿನ ಅಂಚು, ಸೀಟಿನ ಹೊಲಿಗೆ, ಬಾನೆಟ್ಟಿನ ಮೇಲೆ ಬೆಳಕು ಜಾರುವ ಬಗೆ, ಎಲ್ಲವನ್ನೂ ತಿದ್ದಿ ತೀಡಿ ಕಳಿಸುತ್ತಾನೆ. ಅಲ್ಲಿಂದ ತಕರಾರುಗಳ ಪಟ್ಟಿ ಬರುತ್ತದೆ. ಮತ್ತೆ ತಿದ್ದುತ್ತಾನೆ. ಆಟ ಮುಗಿದ ಮೇಲೆ ಉದ್ದನೆಯ ಹೆಸರುಗಳ ಸಾಲಿನಲ್ಲಿ ಎಲ್ಲೋ ಒಂದು ಕಡೆ ಧ್ರುವ ಅಂತ ಬರುತ್ತದೆ, ಅಷ್ಟೊತ್ತಿಗೆ ಆಡುವವನು ಎದ್ದು ಹೋಗಿರುತ್ತಾನೆ.

2005ರಲ್ಲಿ ಥಾಮಸ್ ಫ್ರೀಡ್‌ಮನ್ ‘ದಿ ವರ್ಲ್ಡ್ ಈಸ್ ಫ್ಲಾಟ್’ ಪುಸ್ತಕದಲ್ಲಿ ಧ್ರುವವನ್ನು ಹೊಸ ಜಗತ್ತಿನ ಮಾದರಿಯೆಂದು ಹೊಗಳಿದ. ಮೊಬೈಲ್ ಆಟಗಳಿಗಾಗಿ ಚಾರ್ಲಿ ಚಾಪ್ಲಿನ್ನನ ಚಿತ್ರ ಬಳಸುವ ಹಕ್ಕನ್ನೇ ಈ ಬೆಂಗಳೂರಿನ ಕಂಪನಿ ಕೊಂಡಿತ್ತು ಎಂಬುದು ಅಲ್ಲಿನ ಸ್ವಾರಸ್ಯ. ನನಗೆ ಮಾತ್ರ ಅದು ಹೊಗಳಿಕೆಯ ಸಂಗತಿಯಾಗಿ ಕಾಣುವುದಿಲ್ಲ. ಸ್ವಂತದ್ದೊಂದು ಪಾತ್ರ ಬೇಕೆಂದಾಗಲೂ ಕಣ್ಣು ಹೋದದ್ದು ಚಾಪ್ಲಿನ್ನನ ಕಡೆಗೇ.

ಸ್ವಂತ ನಮೂನೆ ಅಂದರೆ ನನಗೆ ನೆನಪಾಗುವುದು ನವಲಗುಂದ; ಧಾರವಾಡ ಜಿಲ್ಲೆಯ ನಮ್ಮ ಶಲವಡಿಯಿಂದ ಅದು ದೂರವೇನಲ್ಲ. ಅಲ್ಲಿನ ಜಮಖಾನೆಯಲ್ಲಿ ‘ಪಗಡೆ ಹಾಸು’ ಅಂತ ಒಂದು ನಮೂನೆಯಿದೆ. ನಿಲುಮಗ್ಗದ ಮುಂದೆ ಕೂತ ಹೆಣ್ಣುಮಕ್ಕಳು ಬಣ್ಣದ ಹತ್ತಿನೂಲಿನಲ್ಲಿ ಪಗಡೆಯ ಪಟವನ್ನೇ ನೇಯ್ದುಬಿಡುತ್ತಾರೆ: ನಡುವೆ ಚೌಕ, ನಾಲ್ಕು ದಿಕ್ಕಿಗೆ ನಾಲ್ಕು ತೋಳು, ತೋಳಿನ ತುಂಬ ಮನೆಗಳು. ಅವರೂ ಗಿರಾಕಿ ಕೇಳಿದ್ದಕ್ಕೇ ನೇಯುತ್ತಾರೆ, ಕೂಲಿಯೂ ಅಷ್ಟಕ್ಕಷ್ಟೇ. ಆದರೆ ನಮೂನೆ ಆ ಮಗ್ಗದ್ದು, ಆ ಊರಿನದು. ಭೌಗೋಳಿಕ ಸೂಚಿಯೂ ನವಲಗುಂದದ ಹೆಸರಿನಲ್ಲೇ ಇದೆ. ಧ್ರುವದ ಕಸುಬಿನಲ್ಲಿ ಇದಕ್ಕಿಂತ ಕಡಿಮೆ ನಯವಿರಲಿಲ್ಲ. ನಮೂನೆ ಮಾತ್ರ ಯಾವಾಗಲೂ ಬೇರೆಯವರದು.

ಮೊದಲ ಹತ್ತು ವರ್ಷ ಬೇರೆ ದಾರಿಯಿರಲಿಲ್ಲ ಎಂಬ ವಾದವನ್ನು ಒಪ್ಪಬಹುದು. ಸಂಬಳ ಕೊಡಬೇಕು, ಹುಡುಗರನ್ನು ಕೈಹಿಡಿದು ಕಲಿಸಬೇಕು. ಆದರೆ 2008ರ ಹೊತ್ತಿಗೆ ಆ್ಯಪಲ್ಲಿನ ಆ್ಯಪ್ ಸ್ಟೋರ್ ಬಂತು. ದೊಡ್ಡ ಪ್ರಕಾಶಕರ ಬಾಗಿಲು ಕಾಯದೆ ಆಟಗಾರನನ್ನು ನೇರವಾಗಿ ಮುಟ್ಟಬಹುದಾಯಿತು. ಆಮೇಲೂ ಮುನ್ನೂರರಷ್ಟು ಪಳಗಿದ ಕೈಗಳಿದ್ದ ಸಂಸ್ಥೆ ನೆನಪಿನಲ್ಲಿ ಉಳಿಯುವ ಒಂದೇ ಒಂದು ಸ್ವಂತ ಆಟ ಕೊಡಲಿಲ್ಲ ಅಂದರೆ ಅದಕ್ಕೆ ಪೇಟೆಯನ್ನು ದೂರಿ ಪ್ರಯೋಜನವಿಲ್ಲ, ಅದು ಆಯ್ಕೆ. ಕೊನೆಗೆ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಧ್ರುವವನ್ನು ಕೊಂಡಿತು. ತಾನೇ ಸಾಲದಲ್ಲಿ ಮುಳುಗಿ 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್‌ಗೆ ಸುಮಾರು 79 ಲಕ್ಷ ಡಾಲರಿಗೆ ಮಾರಿತು. ಧ್ರುವದ ತಂಡ ರಾಕ್‌ಸ್ಟಾರ್ ಇಂಡಿಯಾದಲ್ಲಿ ಸೇರಿಹೋಯಿತು.

ಬೇರೆ ದಾರಿ ಹೂವಿನ ಹಾಸಿಗೆಯೇನಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2017ರಲ್ಲಿ ‘ರಾಜಿ’ ಎಂಬ ಸ್ವಂತ ಆಟಕ್ಕಾಗಿ ಜನರಿಂದ ಹಣ ಎತ್ತಲು ಹೋಗಿ ಸೋತಿತು. ಸಂಸ್ಥಾಪಕರಲ್ಲೊಬ್ಬರಾದ ಅವಿಚಲ್ ಸಿಂಗ್ ಮನೆ ಮಾರಿ ಆಟ ಮುಂದುವರಿಸಿದರು. 2020ರಲ್ಲಿ ಬಂದ ಆ ‘ರಾಜಿ’ ನಾಲ್ಕೈದು ತಾಸಿನ ಸಣ್ಣ ಆಟ. ಕಾದಾಟ ಅಲ್ಲಲ್ಲಿ ಒರಟು, ಕಥೆ ಅರ್ಧಕ್ಕೇ ನಿಂತಂತಿದೆ. ಆದರೂ ತೊಗಲುಗೊಂಬೆಯಾಟದ ಧಾಟಿಯಲ್ಲಿ ಅದು ಪುರಾಣ ಹೇಳುವ ದೃಶ್ಯಗಳಿಗೆ ಸಾಟಿಯಾಗಿ ನಿಲ್ಲುವಂಥದ್ದು ಧ್ರುವದ ಹೆಸರಿನಲ್ಲಿ ಒಂದೂ ಇಲ್ಲ. ಕುಂದುಳ್ಳ ‘ರಾಜಿ’ಯನ್ನೇ ನಾನು ಮೇಲೆ ಇಡುತ್ತೇನೆ.

ಧ್ರುವದ ಹೆಚ್ಚುಗಾರಿಕೆ ಅದು ತಯಾರು ಮಾಡಿದ ಜನರಲ್ಲಿದೆ. ಅಲ್ಲಿ ಕೈ ಪಳಗಿಸಿಕೊಂಡವರು ಈ ಉದ್ಯಮದ ತುಂಬ ಇದ್ದಾರೆ. ಆ ಮಟ್ಟಿಗೆ ಅದೊಂದು ಒಳ್ಳೆಯ ಗರಡಿ. ಕುಸ್ತಿ ಹಿಡಿದದ್ದು ಮಾತ್ರ ಕಾಣೆ.

ಸರಕಾರವೂ ಪರರಿಗೆ ದುಡಿಯುವ ಇದೇ ದಾರಿಯನ್ನು ರಾಜಮಾರ್ಗ ಮಾಡಹೊರಟಿದೆ. 2024ರ ಕರ್ನಾಟಕದ ಅನಿಮೇಷನ್, ಗೇಮಿಂಗ್ ನೀತಿಯಲ್ಲಿ ಮೂವತ್ತು ಸಾವಿರ ಹೊಸ ಉದ್ಯೋಗಗಳ ಗುರಿಯಿದೆ. ಈ ಕ್ಷೇತ್ರದ ಆದಾಯದಲ್ಲಿ ಶೇ. 80ರಷ್ಟು ರಫ್ತಿನಿಂದ ಬರಬೇಕೆಂಬ ಆಸೆಯೂ ಇದೆ. ಅಂದರೆ ಇನ್ನಷ್ಟು ಧ್ರುವಗಳು. ಆ ಲೆಕ್ಕದಲ್ಲಿ ಕನ್ನಡದಲ್ಲಿ ಮಾತಾಡುವ ಸಣ್ಣ ಆಟಗಳಿಗೂ ಒಂದು ಪಾಲು ಎತ್ತಿಡಲಿ. ಶಲವಡಿ, ಅಣ್ಣಿಗೇರಿ ಕಡೆಯ ಹುಡುಗ ಹುಡುಗಿಯರು ಅದಕ್ಕೆ ಕಾಯಬೇಕಾಗಿಯೂ ಇಲ್ಲ. ಆಟ ಕಟ್ಟುವ ಗೋಡೋ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಸ್ಟೀಮ್ ಮಳಿಗೆಯಲ್ಲಿ ಒಂದು ಆಟವನ್ನು ಮಾರಾಟಕ್ಕಿಡಲು ಕಟ್ಟಬೇಕಾದ ಶುಲ್ಕ ನೂರು ಡಾಲರ್.