ಉಳಿಸಿಟ್ಟ ಗುಂಡು

ವಾಡಿಯಿಂದ ಪ್ಯಾಸೆಂಜರ್ ರೈಲು ಹಿಡಿದು ಶಹಾಬಾದಿಗೆ ಹೋಗಿ, ತಾಸಿಗೆ ಹತ್ತು ರೂಪಾಯಿ ಕೊಟ್ಟು ನಾನು ಮೊದಲ ಸಲ ‘ರೆಸಿಡೆಂಟ್ ಈವಿಲ್’ ಆಡಿದೆ. ಫರಸಿ ಹಾಸಿದ ಸಣ್ಣ ಕೋಣೆ, ಎರಡು ಟಿವಿ, ಎರಡು ಪ್ಲೇಸ್ಟೇಷನ್. ಮೆಮೊರಿ ಕಾರ್ಡ್ ಮಾತ್ರ ಇರಲಿಲ್ಲ. ಎಷ್ಟೇ ಮುಂದೆ ಹೋಗಿದ್ದರೂ ತಾಸು ಮುಗಿದರೆ, ಇಲ್ಲವೇ ಕರೆಂಟ್ ಹೋದರೆ, ಮತ್ತೆ ಮೊದಲಿನಿಂದ. ಹಾಗಾಗಿ ಆ ಬಂಗಲೆಯ ಮೊದಲ ಹತ್ತು ಕೋಣೆಗಳು ನನಗೆ ಮಗ್ಗಿಯಂತೆ ಬಾಯಿಪಾಠವಾದವು, ಹನ್ನೊಂದನೆಯದು ಎಷ್ಟೋ ದಿನ ಕಾಣಲೇ ಇಲ್ಲ.

ಮೊದಲ ಜೋಂಬಿ ಹೆಣದ ಮೇಲಿಂದ ಮುಖ ತಿರುಗಿಸಿ ನೋಡುವ ದೃಶ್ಯ ಈ ಆಟ ಆಡಿದವರಿಗೆಲ್ಲ ನೆನಪಿರುತ್ತದೆ. ಅದು ಎದ್ದು ಬಂದಾಗ ನಾನು ಇದ್ದಬದ್ದ ಗುಂಡುಗಳನ್ನೆಲ್ಲ ಅದರ ಮೇಲೆ ಸುರಿದೆ. ತನ್ನ ಪಾಳಿಗಾಗಿ ಕಾಯುತ್ತ ಕೂತಿದ್ದ ಹುಡುಗನೊಬ್ಬ ಹಣೆ ಬಡಿದುಕೊಂಡ: “ಯಾಕ ಹೊಡಿಲಿಕತ್ತಿಯಲೇ? ಬಾಜೂದಿಂದ ಓಡಿ ಹೋಗು. ಗುಂಡ ಉಳಸ್ಕೋ.” ಈ ಬಗೆಯ ಆಟಗಳ ಬಗ್ಗೆ ಆಮೇಲೆ ಬೇಕಾದಷ್ಟು ಓದಿದ್ದೇನೆ. ಆ ಮಾತಿನಷ್ಟು ನೇರವಾದ ವಿಮರ್ಶೆ ಸಿಕ್ಕಿಲ್ಲ.

ಜಪಾನಿನ ಕ್ಯಾಪ್‌ಕಾಮ್ ಕಂಪನಿಗಾಗಿ ಶಿಂಜಿ ಮಿಕಾಮಿ ನಿರ್ದೇಶಿಸಿದ ಈ ಆಟ ಬಂದದ್ದು 1996ರಲ್ಲಿ. ‘ಸರ್ವೈವಲ್ ಹಾರರ್’ ಎಂಬ ಹೆಸರು ಚಾಲ್ತಿಗೆ ಬಂದದ್ದೂ ಇದರಿಂದಲೇ. ಅದೇ ಕಂಪನಿಯ ‘ಸ್ವೀಟ್ ಹೋಮ್’ (1989) ಎಂಬ ಹಳೆಯ ಆಟ ಇದಕ್ಕೆ ತಾಯಿಬೇರು. ಬಂಗಲೆ, ಬಾಗಿಲುಗಳು, ಕೈಯಲ್ಲಿ ಹಿಡಿಯಬಹುದಾದ ಸಾಮಾನಿಗೆ ಮಿತಿ, ಎಲ್ಲ ಅಲ್ಲಿಯೇ ಇವೆ. ‘ರೆಸಿಡೆಂಟ್ ಈವಿಲ್’ನಲ್ಲಿ ಪಿಸ್ತೂಲು ತುಂಬಿದರೆ 15 ಗುಂಡು. ಒಂದು ಜೋಂಬಿ ಐದಾರು ಗುಂಡು ತಿಂದರೂ ಕೆಲವು ಸಲ ಮತ್ತೆ ಏಳುತ್ತದೆ. ಜಿಲ್‌ಗೆ ಎಂಟು ಸಾಮಾನು ಹೊರುವಷ್ಟು ಜಾಗ, ಕ್ರಿಸ್‌ಗೆ ಆರೇ. ಅದರಲ್ಲೇ ಪಿಸ್ತೂಲು, ಗುಂಡು, ಔಷಧದ ಸೊಪ್ಪು, ಬೀಗದಕೈ ಎಲ್ಲ ಹೊಂದಬೇಕು. ಆಟವನ್ನು ಉಳಿಸಿಡಬೇಕಾದರೆ ಟೈಪ್‌ರೈಟರಿಗೆ ರಿಬ್ಬನ್ ಬೇಕು, ಅದೂ ಎಣಿಸಿ ಇಟ್ಟದ್ದು. ನಮ್ಮ ಅಂಗಡಿಯಲ್ಲಿ ಕಾರ್ಡೇ ಇಲ್ಲದಿದ್ದರೂ ನಾನು ರಿಬ್ಬನ್‌ಗಳನ್ನು ಜೋಪಾನವಾಗಿ ಎತ್ತಿಟ್ಟುಕೊಳ್ಳುತ್ತಿದ್ದೆ. ಯಾಕೆಂದು ಕೇಳಿದರೆ ಹೇಳಲಾರೆ.

ಬೇರೆ ಗುಂಡಿನಾಟಗಳಲ್ಲಿ ಪ್ರಶ್ನೆ ಗುರಿಯದ್ದು. ಇಲ್ಲಿ ಹೊಡೆಯಬೇಕೋ ಬೇಡವೋ ಎಂಬುದು ಪ್ರಶ್ನೆ. ಓಡಿ ಪಾರಾದೆ, ಗುಂಡು ಉಳಿಯಿತು ಎಂದು ಹಿಗ್ಗುವಂತಿಲ್ಲ. ಬಂಗಲೆ ಚಿಕ್ಕದು, ಬೀಗದಕೈ ಒಂದು ಮೂಲೆಯಲ್ಲಿ, ಬಾಗಿಲು ಇನ್ನೊಂದು ಮೂಲೆಯಲ್ಲಿ, ಮತ್ತೆ ಅದೇ ಓಣಿಯಲ್ಲಿ ಬರಲೇಬೇಕು. ಬಿಟ್ಟುಹೋದದ್ದು ಅಲ್ಲೇ ನಿಂತಿರುತ್ತದೆ. ಕ್ಯಾಮೆರಾ ಒಂದು ಮೂಲೆಗೆ ಕಚ್ಚಿಕೊಂಡಿರುವುದರಿಂದ ಅದು ಕಾಣುವ ಮೊದಲು ಅದರ ಕಾಲೆಳೆಯುವ ಸದ್ದು ಕೇಳುತ್ತದೆ. ಉಳಿಸಿದ ಒಂದೊಂದು ಗುಂಡೂ ಹೀಗೆ ತಲೆಯ ಮೇಲಿನ ಸಾಲವಾಗುತ್ತದೆ. ಭಯ ಹುಟ್ಟುವುದು ಈ ಸಾಲದಿಂದಲೇ ಹೊರತು ಜೋಂಬಿಯ ಕೊಳೆತ ಮುಖದಿಂದಲ್ಲ.

2002ರಲ್ಲಿ ಮಿಕಾಮಿ ಇದೇ ಆಟವನ್ನು ಹೊಸದಾಗಿ ಮಾಡಿದಾಗ ಈ ಲೆಕ್ಕಕ್ಕೆ ಇನ್ನೊಂದು ಗಂಟು ಹಾಕಿದರು. ಕೊಂದ ಜೋಂಬಿ ಸತ್ತೇ ಇರುವುದಿಲ್ಲ. ತಲೆ ಸಿಡಿಯದಿದ್ದರೆ, ಹೆಣವನ್ನು ಸುಡದಿದ್ದರೆ, ಕೆಲಹೊತ್ತಿನ ಮೇಲೆ ಕೆಂಪಗಾಗಿ, ಉಗುರು ಬೆಳೆಸಿಕೊಂಡು, ಓಡಿ ಬರುತ್ತದೆ. ಸುಡಲು ಬೇಕಾದದ್ದು ಸೀಮೆಎಣ್ಣೆ. ಅದೂ ಒಂದೆರಡು ಸಲಕ್ಕಾಗುವಷ್ಟು ಹಿಡಿಯುವ ಸಣ್ಣ ಬಾಟಲಿಯಲ್ಲಿ, ಇರುವ ಆರೋ ಎಂಟೋ ಜಾಗದಲ್ಲಿ ಒಂದನ್ನು ನುಂಗಿಕೊಂಡು. ಈಗ ಓಡಿದರೂ ಸಾಲ, ಹೊಡೆದರೂ ಸಾಲ. ನನ್ನ ದೃಷ್ಟಿಯಲ್ಲಿ ಈ ಇಡೀ ಪ್ರಕಾರದಲ್ಲಿ ಇದಕ್ಕಿಂತ ಚೊಕ್ಕವಾದ ಕಲ್ಪನೆ ಇನ್ನೊಂದಿಲ್ಲ.

2015ರಲ್ಲಿ ಅದು ಕಂಪ್ಯೂಟರಿಗೂ ಬಂದಿತು. ನಾನು ಆಡಿದ್ದು ಆಗಲೇ, ವಾಡಿಯ ಬಾಡಿಗೆ ಕೋಣೆಯಲ್ಲಿ. ಸೀಮೆಎಣ್ಣೆಯ ಡಬ್ಬಿ ಪರದೆಯ ಮೇಲೆ ಕಂಡ ಕೂಡಲೇ ಮೂಗಿಗೆ ವಾಸನೆ ಬಂತು. ಚಿತ್ತಾಪುರ ತಾಲೂಕಿನ ನಮ್ಮೂರಲ್ಲಿ ರಾತ್ರಿ ಕರೆಂಟ್ ಹೋದರೆ ದೂರದಲ್ಲಿ ವಾಡಿಯ ಸಿಮೆಂಟ್ ಕಾರ್ಖಾನೆಯ ದೀಪಗಳು ಮಾತ್ರ ಜಾತ್ರೆಯಂತೆ ಉರಿಯುತ್ತಿದ್ದವು. ನಮ್ಮ ಮನೆಯಲ್ಲಿ ಕಂದೀಲು, ಅದಕ್ಕೆ ರೇಷನ್ ಅಂಗಡಿಯ ನೀಲಿ ಚಿಮಣಿ ಎಣ್ಣೆ. ನಾನು ಓದುತ್ತ ಕೂತರೆ ಅವ್ವ ಆಗಾಗ ಬಂದು ಬತ್ತಿ ಇಳಿಸುತ್ತಿದ್ದಳು. ಪರೀಕ್ಷೆ ಇನ್ನೂ ಮುಂದಿದೆ, ತಿಂಗಳೂ ಮುಂದಿದೆ.

ಬಹಳ ದಿನ ನಾನು ಇದರಿಂದ ಒಂದು ಸಿದ್ಧಾಂತ ಕಟ್ಟಿಕೊಂಡು ತಿರುಗುತ್ತಿದ್ದೆ: ಎಣಿಸಿ ಬದುಕಿದವರಿಗೆ ಈ ಆಟ ಹೆಚ್ಚು ಅರ್ಥವಾಗುತ್ತದೆ, ಬರಗಾಲದ ಸೀಮೆಯವರು ಹುಟ್ಟಾ ಸರ್ವೈವಲ್ ಹಾರರ್ ಆಟಗಾರರು ಎಂದು. ಕೇಳಲು ಚೆನ್ನಾಗಿತ್ತು. ಆಟವನ್ನು ಪೂರ್ತಿ ಮುಗಿಸಿದ ದಿನ ಅದು ಮುರಿದುಬಿತ್ತು.

ಮ್ಯಾಗ್ನಮ್ ಎಂಬ ದೊಡ್ಡ ಪಿಸ್ತೂಲಿನ ಗುಂಡುಗಳನ್ನು ನಾನು ಕೊನೆಯ ರಾಕ್ಷಸನಿಗೆಂದು ಮುಟ್ಟದೆ ಇಟ್ಟಿದ್ದೆ. ಅವನ ಮುಂದೆ ಕೊಂಚ ಹೊತ್ತು ಜೀವ ಹಿಡಿದುಕೊಂಡರೆ ಸಾಕು, ಮೇಲಿನ ಹೆಲಿಕಾಪ್ಟರಿನಿಂದ ರಾಕೆಟ್ ಲಾಂಚರ್ ಎಸೆಯುತ್ತಾರೆ, ಅದರ ಒಂದೇ ಏಟಿಗೆ ಅವನು ಚೂರುಚೂರು. ನನ್ನ ಪೆಟ್ಟಿಗೆಯಲ್ಲಿ ಗುಂಡುಗಳು ಹಾಗೇ ಉಳಿದವು. ಆಟದ ಬಡತನಕ್ಕೆ ಒಬ್ಬ ಕರ್ತೃ ಇದ್ದಾನೆ. ಎಲ್ಲಿ ಎಷ್ಟು ಬೇಕಾಗುತ್ತದೆ ಎಂದು ಅವನು ಮೊದಲೇ ಎಣಿಸಿ, ಸಾಲದೇ ಹೋಗಬಹುದು ಎಂಬ ಅನುಮಾನವನ್ನು ಮಾತ್ರ ನಮ್ಮ ಕೈಗಿಟ್ಟಿದ್ದಾನೆ. ರೇಷನ್ ಅಂಗಡಿಯವನು ಹಾಗೆ ಎಣಿಸಿರಲಿಲ್ಲ. ನಮ್ಮ ಕಂದೀಲಿನ ಕತೆಗೆ ಹೆಲಿಕಾಪ್ಟರ್ ಇರಲಿಲ್ಲ.

ಇದನ್ನು ಆಟದ ದೋಷವೆಂದು ಹೇಳುತ್ತಿಲ್ಲ. ಆದರೆ ಆ ಅನುಮಾನವನ್ನು ಕೊನೆಯತನಕ ಕಾಪಾಡುವುದೇ ಇಂಥ ಆಟದ ಕಸುಬು, ಅದರಲ್ಲಿ ಮಿಕಾಮಿಯವರೇ ಮುಂದೆ ಸಡಿಲಾದರು. 2005ರ ‘ರೆಸಿಡೆಂಟ್ ಈವಿಲ್ 4’ರಲ್ಲಿ ಸತ್ತ ವೈರಿಗಳು ಗುಂಡು ಉದುರಿಸಿ ಹೋಗುತ್ತಾರೆ. ನೀವು ಹೇಗೆ ಆಡುತ್ತೀರಿ ಎಂದು ನೋಡಿಕೊಂಡು ಆಟ ಗುಟ್ಟಾಗಿ ತನ್ನ ಬಿಗಿಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ಅದೊಂದು ಅದ್ಭುತ ಆಟ, ಮೂರು ಸಲ ಮುಗಿಸಿದ್ದೇನೆ. ಮೊದಲ ಹಳ್ಳಿಯಲ್ಲಿ, ಗರಗಸದವನು ಬೆನ್ನು ಹತ್ತಿದಾಗ ಹೆದರಿದ್ದೇನೆ. ಆಮೇಲೆ ಹೆದರಿದ ನೆನಪಿಲ್ಲ.

ಈಗ ನಾನು ಚಿಂಚೋಳಿಯಲ್ಲಿ ಪಾಠ ಹೇಳುತ್ತೇನೆ. ಮೊಬೈಲಿನಲ್ಲಿ ‘ಫ್ರೀ ಫೈರ್’ ಆಡಿ ಬೆಳೆದ ಒಬ್ಬ ವಿದ್ಯಾರ್ಥಿಗೆ ಇದನ್ನೇ ಆಡಲು ಕೊಟ್ಟಿದ್ದೆ. ವಾರ ಬಿಟ್ಟು ಬಂದ. ಬಹಳ ಚಂದ ಅದರಿ ಸರ್ ಎಂದು ಹೊಗಳಿ, ಆಮೇಲೆ ದನಿ ತಗ್ಗಿಸಿ ಹೇಳಿದ: “ಗುಂಡ ಖಾಲಿ ಆಗ್ಲಿ ಬಿಡ್ರಿ ಸರ್, ಆಟಾನೇ ಕೊಡ್ತದ.” ಯಾರೂ ಹೇಳಿಕೊಡದೆ ಅವನು ಕಂಡುಕೊಂಡಿದ್ದ. ಅವನಿಗೆ 2002ರ ಆಟವನ್ನೂ ಕೊಟ್ಟೆ. ಎರಡು ದಿನಕ್ಕೆ ಮರಳಿಸಿದ. ಸುಟ್ಟದ್ದು ಯಾವುದು, ಬಿಟ್ಟದ್ದು ಯಾವುದು ಎಂದು ನೆನಪಿಟ್ಟುಕೊಳ್ಳುವುದು ಬೇಸರವಂತೆ. ಬೇಸರವೋ ಹೆದರಿಕೆಯೋ ಎಂದು ಕೇಳಿದರೆ ನಕ್ಕ.

‘ಅಮ್ನೇಷಿಯಾ’ (2010) ಎಂಬ ಸ್ವೀಡನ್ನಿನ ಆಟದಲ್ಲಿ ಆಯುಧವೇ ಇಲ್ಲ. ಇರುವುದು ಕಂದೀಲು, ಅದರ ಎಣ್ಣೆ. ಕತ್ತಲಲ್ಲಿ ಕೂತರೆ ಬುದ್ಧಿ ಕೆಡುತ್ತದೆ, ದೀಪ ಹಚ್ಚಿದರೆ ಭೂತದ ಕಣ್ಣಿಗೆ ಬೀಳುತ್ತೇವೆ. ನಾನು ಬತ್ತಿ ಇಳಿಸಿ ಇಳಿಸಿ ಆಡಿದೆ. ಇಲ್ಲೂ ಕೊನೆಗೆ ಎಣ್ಣೆ ಉಳಿಯಿತು.

ಅವ್ವ ಈಗ ಸೇಡಂನಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ದೀಪಾವಳಿಗೆ ಹೋದಾಗ ಅಡುಗೆಮನೆಯ ನಾಗೊಂದಿಗೆಯ ಹಿಂದೆ ಒಂದು ಬಾಟಲಿ ಕಂಡಿತು. ನೀಲಿ ಬಣ್ಣ ತಿಳಿಯಾಗಿತ್ತು, ಬಿರಡೆಗೆ ಅರಿವೆ ಸುತ್ತಿತ್ತು. ಆ ಮನೆಯಲ್ಲಿ ಇನ್ವರ್ಟರ್ ಇದೆ, ಕಂದೀಲು ಇಲ್ಲ. ಎಸೆಯಲೇನವ್ವಾ ಎಂದು ಕೇಳಿದೆ.

“ಇರಲಿ ತಗಿ,” ಎಂದಳು. “ಅದೇನ್ ಅನ್ನ ಬೇಡ್ತದಾ?”