ಕೊಳದಲ್ಲಿ ಈಜುವ ಹರಿ

ಹತ್ತನೆಯ ತರಗತಿಯ ಗೈಡಿನಿಂದ ಹಿಡಿದು ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗಳ ಕೈಪಿಡಿಯವರೆಗೆ, ಕನ್ನಡ ವ್ಯಾಕರಣದ ಪುಸ್ತಕಗಳಲ್ಲಿ ಒಂದು ಅಧ್ಯಾಯಕ್ಕೆ ಮುಪ್ಪೆಂಬುದೇ ಇಲ್ಲ: ನಾನಾರ್ಥ ಪದಗಳು. ಎಡಗಡೆ ಪದ, ಬಲಗಡೆ ಮೂರೋ ನಾಲ್ಕೋ ಅರ್ಥ, ಕೆಳಗೆ ‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂಬ ಅಪ್ಪಣೆ. ಸಮಾಸ ಪ್ರಕರಣವನ್ನು ಬೈದವರಿದ್ದಾರೆ, ಸಂಧಿ ಕಲಿಸುವ ಕ್ರಮವನ್ನು ತಿದ್ದಹೊರಟವರಿದ್ದಾರೆ. ಈ ಅಧ್ಯಾಯದ ಮೇಲೆ ಮಾತ್ರ ಎಲ್ಲರಿಗೂ ಅಕ್ಕರೆ. ಭಾಷೆಯ ಸಿರಿವಂತಿಕೆ ಇಲ್ಲಿ ಕಣ್ಣಿಗೆ ಕಾಣುತ್ತದಂತೆ. ನನಗೆ ಕಾಣುವುದೇ ಬೇರೆ. ಬಳಕೆಯನ್ನು ಕಲಿಸುತ್ತೇನೆಂದು ಹೊರಟು ಬಳಕೆಯನ್ನೇ ಬಾಗಿಲಾಚೆ ನಿಲ್ಲಿಸಿದ ಅಭ್ಯಾಸ ಇದು.

ಪಟ್ಟಿಯ ಮೂಲವೇನೂ ಗುಟ್ಟಲ್ಲ. ಅಮರಕೋಶದ ಮೂರನೆಯ ಕಾಂಡದ ನಾನಾರ್ಥವರ್ಗ, ಆಮೇಲೆ ದೇವೋತ್ತಮನ ನಾನಾರ್ಥ ರತ್ನಾಕರದಂಥ ನಮ್ಮವರ ನಿಘಂಟುಗಳು. ಅಮರಸಿಂಹ ಆ ವರ್ಗವನ್ನು ಪದದ ಕೊನೆಯ ವ್ಯಂಜನ ಹಿಡಿದು ಜೋಡಿಸಿದ. ಬಾಯಿಪಾಠಕ್ಕೂ ಪದ್ಯ ಕಟ್ಟುವವನಿಗೂ ಅನುಕೂಲವಾಗಲೆಂದು. ಅಲ್ಲಿ ವಾಕ್ಯವಿಲ್ಲ, ಬೇಕಾಗಿಯೂ ಇರಲಿಲ್ಲ, ವಾಕ್ಯ ಕವಿಯ ಹೊಣೆ. ನಮ್ಮ ಗೈಡುಗಳು ಅದೇ ಪಟ್ಟಿಯನ್ನು ಹದಿನೈದರ ಹುಡುಗಿಯ ಕೈಗಿತ್ತು, ವಾಕ್ಯ ನೀನೇ ಮಾಡಿಕೋ ಎಂದವು.

‘ಹರಿ’ಯನ್ನೇ ನೋಡಿ. ಅಮರನ ಪ್ರಕಾರ ಯಮ, ಗಾಳಿ, ಇಂದ್ರ, ಚಂದ್ರ, ಸೂರ್ಯ, ವಿಷ್ಣು, ಸಿಂಹ, ಕಿರಣ, ಕುದುರೆ, ಗಿಳಿ, ಹಾವು, ಕಪಿ, ಕಪ್ಪೆ. ಒಟ್ಟು 13, ಮೇಲೊಂದು ಬಣ್ಣ. ಗೈಡು ಇದನ್ನು ವಿಷ್ಣು, ಸಿಂಹ, ಕಪ್ಪೆ ಎಂದು ಮೊಟಕುಗೊಳಿಸುತ್ತದೆ. ಉದಾರಿಯಾಗಿದ್ದರೆ ‘ಪ್ರವಹಿಸು, ಸೀಳು’ ಎಂದೂ ಸೇರಿಸುತ್ತದೆ. ಹುಡುಗಿ ಬರೆಯುತ್ತಾಳೆ: ‘ಹರಿಯು ಕೊಳದಲ್ಲಿ ಈಜುತ್ತಿದೆ.’ ಪೂರ್ತಿ ಅಂಕ. ವ್ಯಾಕರಣ ಸರಿ, ಅರ್ಥ ಸರಿ, ಕೀ ಉತ್ತರಕ್ಕೂ ತಾಳೆಯಾಗುತ್ತದೆ. ಆದರೆ ಕನ್ನಡನಾಡಿನ ಯಾವ ಕೊಳದಲ್ಲೂ ಇಂದಿನವರೆಗೆ ಹರಿ ವಟಗುಟ್ಟಿಲ್ಲ. ಯಾರೂ ಆಡದ ವಾಕ್ಯಕ್ಕೆ ‘ಸರಿಯಾದ ಪ್ರಯೋಗ’ ಎಂಬ ಮುದ್ರೆ ಒತ್ತಿಸಿಕೊಡುವುದೇ ಈ ಅಧ್ಯಾಯದ ಸಾಧನೆ.

ಆ ಕೊನೆಯಲ್ಲಿ ಸೇರಿಸಿದ ‘ಪ್ರವಹಿಸು, ಸೀಳು’ ಇದೆಯಲ್ಲ, ಪಟ್ಟಿಯ ಬಡತನ ಬಯಲಾಗುವುದು ಅಲ್ಲಿಯೇ. ಇದು ಸಂಸ್ಕೃತದ ಹರಿಯಲ್ಲ. ‘ಪಾಲು’ ‘ಹಾಲು’ ಆದ ಹಾಗೆ ಹಳಗನ್ನಡದ ‘ಪರಿ’ ನಡುಗನ್ನಡದ ಹೊತ್ತಿಗೆ ‘ಹರಿ’ಯಾಯಿತು, ವಿಷ್ಣುವಿಗೂ ಹೊಳೆಗೂ ಭೇಟಿಯಾದದ್ದು ಆಗಲೇ. ಉಚ್ಚಾರದಲ್ಲಾದ ಈ ಆಕಸ್ಮಿಕವನ್ನು ಗೈಡು ಒಂದೇ ಪದದ ಐದು ಅರ್ಥವೆಂದು ಎಣಿಸಿಕೊಡುತ್ತದೆ. ಕಿಟ್ಟೆಲ್ 1894ರ ತನ್ನ ನಿಘಂಟಿನಲ್ಲಿ ಒಂದೇ ರೂಪದ ಬೇರೆ ಬೇರೆ ಮಾತುಗಳಿಗೆ 1, 2 ಎಂದು ಅಂಕಿ ಹಾಕಿ ಬಿಡಿಸಿಟ್ಟಿದ್ದ, ಪಕ್ಕದಲ್ಲಿ ಜನರ ಗಾದೆಗಳನ್ನೂ ಇಟ್ಟಿದ್ದ. ಅಷ್ಟು ಹಿಂದೆಯೇ ಜರ್ಮನಿಯ ಪಾದ್ರಿಯೊಬ್ಬನಿಗೆ ಹೊಳೆದದ್ದು ನಮ್ಮ ಗೈಡುಗಳಿಗೆ ಇನ್ನೂ ಹೊಳೆಯಬೇಕಾಗಿದೆ.

ಈಗ ಕ್ರಿಯಾಪದದ ಹರಿಯನ್ನಷ್ಟೇ ಇಟ್ಟುಕೊಳ್ಳೋಣ. ನೀರು ಹರಿಯಿತು, ಅಂಗಿ ಹರಿಯಿತು. ರೂಪ ಒಂದೇ, ಅರ್ಥ ತೀರ್ಮಾನವಾಗುವುದು ಮುಂದೆ ಕೂತ ನಾಮಪದದಿಂದ. ಆದರೆ ಒಂದು ಹೆಜ್ಜೆ ಮುಂದಿಟ್ಟರೆ ಎರಡೂ ದಾರಿ ಬೇರೆಯಾಗುತ್ತವೆ. ‘ಅವನು ಕಾಗದ ಹರಿದ’ ಎನ್ನಬಹುದು; ‘ಅವನು ನೀರು ಹರಿದ’ ಎನ್ನಲಾಗದು, ‘ಹರಿಸಿದ’ ಎನ್ನಬೇಕು. ಅಂಗಿಯನ್ನು ‘ಹರಿಸಿದ’ ಎಂದರೋ, ಹೊಳೆಗೆ ಬಿಟ್ಟನೇನೋ ಎಂದುಕೊಂಡಾರು. ಸೀಳುವ ಹರಿ ತಾನೇ ಕರ್ಮವನ್ನು ಹಿಡಿಯಬಲ್ಲದು, ಹರಿಯುವ ಹರಿಗೆ ‘ಇಸು’ ಬೇಕು. ‘ಕೊಳ್ಳು’ ಸೇರಿದಾಗಲೂ ಹಾಗೆಯೇ. ಬೇಲಿಗೆ ಸಿಕ್ಕಿಸಿ ಅಂಗಿ ‘ಹರಿದುಕೊಂಡ’ ಎಂಬಲ್ಲಿ ತಪ್ಪು ಅವನ ತಲೆಗೇ ಬರುತ್ತದೆ. ನೀರು ಗದ್ದೆಗೆ ‘ಹರಿದುಕೊಂಡು ಬಂತು’ ಎಂಬಲ್ಲಿ ತಪ್ಪೂ ಇಲ್ಲ, ಒಪ್ಪೂ ಇಲ್ಲ, ಬಂದ ರೀತಿ ಮಾತ್ರ. ಸ್ವಂತ ವಾಕ್ಯ ಬರೆಯುವವರಿಗೆ ಬೇಕಾದ ವಿವೇಕ ಇದು. ‘ಪ್ರವಹಿಸು, ಸೀಳು’ ಎಂಬ ಎರಡು ಪದ ಇದರಲ್ಲಿ ಒಂದನ್ನೂ ಹೇಳಿಕೊಡುವುದಿಲ್ಲ.

ಇನ್ನೂ ಮುಂದೆ ಹೋಗಿ. ಪತ್ರಿಕೆಯಲ್ಲಿ ‘ಲಾರಿ ಹರಿದು ಸವಾರ ಸಾವು’ ಎಂದು ಓದುತ್ತೇವೆ. ‘ಮೇಲೆ’ ಎಂಬುದನ್ನು ಉಪಸಂಪಾದಕರು ನುಂಗಿಹಾಕಿದ್ದಾರೆ, ಆದರೂ ಲಾರಿ ಹರಿದುಹೋಯಿತೆಂದು ಯಾರೂ ತಿಳಿಯುವುದಿಲ್ಲ. ಸಾಲ ಹರಿಯಿತು, ಋಣ ಹರಿಯಿತು ಎಂಬಲ್ಲಿ ಕಡಿತದ ಅರ್ಥ. ‘ಅದೆಲ್ಲ ನನ್ನ ಕೈಲಿ ಹರಿಯೋಲ್ಲ’ ಎನ್ನುತ್ತೇವೆ. ‘ಅವನಿಂದ ಏನು ಹರಿಯುತ್ತೆ?’ ಎಂದು ಮೂಗುಮುರಿಯುತ್ತೇವೆ. ಆದರೆ ‘ನನ್ನ ಕೈಲಿ ಹರಿಯುತ್ತದೆ’ ಎಂದು ಯಾರಾದರೂ ಎದೆತಟ್ಟಿ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಈ ಅರ್ಥ ನಿಷೇಧದಲ್ಲಿ, ಇಲ್ಲವೇ ಕುಹಕದ ಪ್ರಶ್ನೆಯಲ್ಲಿ ಮಾತ್ರ ಬದುಕಿದೆ. ಅರ್ಥದ ಜೊತೆಗೆ ಅದರ ಎಲ್ಲೆಯನ್ನೂ ಹೇಳದ ಪಟ್ಟಿ ಕಲಿಯುವವನನ್ನು ನಗೆಪಾಟಲಿಗೆ ದೂಡುತ್ತದೆ. ಇನ್ನು ‘ಬೆಳಕು ಹರಿಯಿತು’ ಎಂಬುದು ಯಾವ ಹರಿ? ಬೆಳಕು ನೀರಿನಂತೆ ಹರಡಿತೋ, ಕತ್ತಲು ಬಟ್ಟೆಯಂತೆ ಹರಿಯಿತೋ? ದಿನಾ ಆಡುವ ನಮಗೇ ಗೊತ್ತಿಲ್ಲ, ಗೊತ್ತಿಲ್ಲದೆಯೇ ತಪ್ಪಿಲ್ಲದೆ ಆಡುತ್ತೇವೆ. ಕನ್ನಡದ ನಾನಾರ್ಥ ನಿಜವಾಗಿ ಇರುವುದು ಈ ಪುಟ್ಟ ಕ್ರಿಯಾಪದಗಳಲ್ಲಿ: ಹರಿ, ಹತ್ತು, ಹಿಡಿ, ಕಟ್ಟು, ಹಾಕು, ಬೀಳು. ಗೈಡಿನಲ್ಲಿ ‘ಹತ್ತು’ ಎಂದರೆ 10 ಮತ್ತು ಏರು, ಅಷ್ಟೇ. ಬೆಂಕಿ ಹತ್ತುವುದು, ನಿದ್ದೆ ಹತ್ತುವುದು, ವಿದ್ಯೆ ತಲೆಗೆ ಹತ್ತದಿರುವುದು ಅಲ್ಲಿಲ್ಲ. ಊರಿಗೆ ಹೋಗಲು ಎರಡು ತಾಸು ‘ಹತ್ತತೈತಿ’, ಅವನು ಈಗ ‘ಬರಾಕ ಹತ್ತ್ಯಾನ’ ಎನ್ನುವ ಧಾರವಾಡದ ಹುಡುಗನ ಕನ್ನಡ ಅವನ ಪುಸ್ತಕದಲ್ಲೇ ಪರದೇಶಿ.

ಪಟ್ಟಿಯ ಪರವಾಗಿ ಹೇಳಬೇಕಾದದ್ದನ್ನೂ ಹೇಳಿಬಿಡುತ್ತೇನೆ. ಶ್ಲೇಷೆಯ ಚಂಪೂ ಓದುವವರಿಗೆ ಅದು ಬೇಕು. ಕರಾವಳಿಯ ತಾಳಮದ್ದಳೆಯಲ್ಲಿ ಅದಕ್ಕೆ ಇನ್ನೂ ಜೀವವಿದೆ: ಅರ್ಥಧಾರಿಯೊಬ್ಬರು ಒಂದು ಪದವನ್ನು ಮೂರು ಅರ್ಥಕ್ಕೆ ಎಳೆದರೆ ಎದುರು ಕೂತವರು ನಾಲ್ಕನೆಯದರಿಂದ ಉತ್ತರ ಕೊಡುತ್ತಾರೆ, ಸಭೆ ತೂಗಿ ನೋಡುತ್ತದೆ. ಅಲ್ಲಿ ಪದಕ್ಕೆ ಸಂದರ್ಭವಿದೆ, ಎದುರಾಳಿಯಿದ್ದಾನೆ. ಉತ್ತರಪತ್ರಿಕೆಯಲ್ಲಿ ಯಾರಿದ್ದಾರೆ?

ಇಲ್ಲಿ ಕೆಲವರು ನನ್ನನ್ನು ತಮ್ಮ ಪಂಗಡಕ್ಕೆ ಸೇರಿಸಿಕೊಳ್ಳಲು ಬರುತ್ತಾರೆ, ಬೇಡ. ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದದ್ದು ಸರಿ. ನಮ್ಮ ವ್ಯಾಕರಣಗಳು ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಒತ್ತಿದವು ಎಂಬ ಅವರ ದೂರಿಗೆ ಈ ಅಧ್ಯಾಯಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಆದರೆ ಅವರ ಹೆಸರು ಹೇಳಿಕೊಂಡು ಓಡಾಡುವ ಅನೇಕರು ಹಿಡಿದದ್ದು ವಾಕ್ಯರಚನೆಯ ಬಗೆಗಿನ ಅವರ ದುಡಿಮೆಯನ್ನಲ್ಲ, ಪದ ಟಂಕಿಸುವ ಚಟವನ್ನು. ಪಟ್ಟಿಯಿಂದ ಸಂಸ್ಕೃತದ ಹರಿಯನ್ನು ಓಡಿಸಿ ಕನ್ನಡದ ಹರಿಯನ್ನು ಕೂರಿಸಿದರೆ ಗೆದ್ದೆವೆಂದು ಅವರ ಎಣಿಕೆ. ಪಟ್ಟಿ ಪಟ್ಟಿಯಾಗಿಯೇ ಉಳಿಯುತ್ತದಲ್ಲ! ರೋಗ ಸಂಸ್ಕೃತವಲ್ಲ, ವಾಕ್ಯದಿಂದ ಕಿತ್ತ ಪದ. ಅವರ ಹೊಸ ಪದಪಟ್ಟಿಗಳಲ್ಲೂ ಅದೇ ರೋಗ: ಎಡಗಡೆ ಇಂಗ್ಲಿಷ್, ಬಲಗಡೆ ಅಚ್ಚಗನ್ನಡ, ನಡುವೆ ಒಂದು ವಾಕ್ಯವೂ ಇಲ್ಲ. ಅತ್ತ ಕಡೆಯ ಪಂಡಿತರು ಪರಂಪರೆಯ ಮಾತೆತ್ತುತ್ತಾರೆ. ಪರಂಪರೆಯೇ ಬೇಕಾದರೆ ಕೇಶಿರಾಜನಿದ್ದಾನೆ. 13ನೆಯ ಶತಮಾನದ ಆತ ಸೂತ್ರ ಹೇಳಿ ಸುಮ್ಮನಾಗಲಿಲ್ಲ, ಹಿಂದಿನ ಕವಿಗಳ ಪ್ರಯೋಗವನ್ನು ಪಕ್ಕದಲ್ಲಿಟ್ಟ. ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ನಡೆದದ್ದೂ ಆ ದಾರಿಯಲ್ಲೇ, ಅರ್ಥದ ಬೆನ್ನಿಗೆ ಕಾವ್ಯ ಶಾಸನಗಳ ಪ್ರಯೋಗವಿಟ್ಟು. ಪಂಡಿತರು ಕಾಯುತ್ತಿರುವ ಗೈಡು ಕೇಶಿರಾಜನ ವಂಶದ್ದಲ್ಲ.

ಪ್ರಶ್ನೆ ಕೇಳುವುದೇ ಆದರೆ ಹೀಗೆ ಕೇಳಬಹುದು: ‘ಹರಿ’ ಇರುವ ಎಂಟು ವಾಕ್ಯ ಕೊಟ್ಟು, ಎಲ್ಲಿ ‘ಹರಿಸು’ ಹೊಂದುತ್ತದೆ, ಎಲ್ಲಿ ಹೊಂದದು, ಯಾವುದನ್ನು ‘ಇಲ್ಲ’ ತೆಗೆದರೆ ಆಡಲು ಬಾರದು ಎಂದು. ಅಡುಗೆಮನೆಯಲ್ಲಿ ಕನ್ನಡ ಕಲಿತ ಹುಡುಗಿ ಕಣ್ಣುಮುಚ್ಚಿ ಬರೆದಾಳು. ಕಷ್ಟವಾಗುವುದು ಕೀ ಉತ್ತರ ಸಿದ್ಧಪಡಿಸುವವರಿಗೆ. ‘ಬೆಳಕು ಹರಿಯಿತು’ ಬಂದಾಗ ಅವರು ಕೂತು ಜಗಳವಾಡಬೇಕಾಗುತ್ತದೆ.